ನಡುದನಿಯ ಬಾಳು

ಕಛೇರಿಗೆ ಹೋಗಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ, ಅವರು ಮೊದಲು ಎತ್ತುವುದು ಹಾಡಿದವರ ಮಾತನ್ನು. ಆಮೇಲೆ ಪಿಟೀಲಿನವರ ಮಾತು. ಮೃದಂಗದವರ ತನಿ ಚೆನ್ನಾಗಿದ್ದರೆ ಅದಕ್ಕೂ ಒಂದು ಮಾತು. ಹಿಂದೆ ಕುಳಿತು ಮೂರು ಗಂಟೆಯ ಹೊತ್ತು ತಂಬೂರಿ ಮೀಟಿದವರ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಆ ಶ್ರುತಿ ನಡುವೆ ಅರ್ಧ ನಿಮಿಷ ನಿಂತುಬಿಡಲಿ. ಸಭೆಯೆಲ್ಲ ತಲೆಯೆತ್ತಿ ನೋಡುತ್ತದೆ. ಇರುವಾಗ ಕಾಣದೆ, ಇಲ್ಲವಾದಾಗ ಮಾತ್ರ ಕಾಣುವ ಕೆಲಸಗಳು ಲೋಕದಲ್ಲಿ ಕೆಲವುಂಟು. ಐರೋಪ್ಯ ಸಂಗೀತದಲ್ಲಿ ಅಂಥ ಕೆಲಸವೊಂದನ್ನು ಸುಮಾರು ನಲವತ್ತು ವರ್ಷ ಮಾಡಿ, ತಾನು ಹೋದ ದಿನವೇ ಒಂದು ಪ್ರಸಿದ್ಧ ಮೇಳದ ಬಾಗಿಲು ಮುಚ್ಚುವಂತಾದ ಒಬ್ಬ ವಾದಕನ ಕಥೆಯನ್ನು ಹೇಳಬೇಕೆಂದು ನನ್ನ ಆಸೆ. ಆತನ ಹೆಸರು ಪೀಟರ್ ಶಿಡ್ಲೋಫ್. ಆತ ನುಡಿಸುತ್ತಿದ್ದ ವಾದ್ಯ ವಯೋಲ.

ವಯೋಲ ನೋಡುವುದಕ್ಕೆ ಪಿಟೀಲಿನಂತೆಯೇ. ಭುಜದ ಮೇಲಿಟ್ಟು ಗದ್ದಕ್ಕೆ ಒತ್ತಿ ಹಿಡಿದು ಕಮಾನಿನಿಂದ ನುಡಿಸುತ್ತಾರೆ. ಒಡಲು ತುಸು ದೊಡ್ಡದು. ತಂತಿಗಳ ಶ್ರುತಿ ಪಿಟೀಲಿಗಿಂತ ಒಂದು ಪಂಚಮದಷ್ಟು ಕೆಳಗೆ. ನಮ್ಮ ಕರ್ನಾಟಕ ಸಂಗೀತದಲ್ಲಿಯೂ ಬಾಲಮುರಳೀಕೃಷ್ಣ ಅವರು ಈ ವಾದ್ಯವನ್ನು ನುಡಿಸಿ ತೋರಿಸಿದ್ದುಂಟು. ಇದರಲ್ಲಿ ಒಂದು ತೊಡಕಿದೆ. ಅಷ್ಟು ಕೆಳಗಿನ ಶ್ರುತಿಗೆ ಪಿಟೀಲಿನ ಲೆಕ್ಕದಲ್ಲಿಯೇ ಒಡಲನ್ನು ಹೊಂದಿಸುವುದಾದರೆ ವಾದ್ಯ ಒಂದೂವರೆಯಷ್ಟು ಉದ್ದವಾಗಬೇಕು. ಆದರೆ ಅಂಥದನ್ನು ಭುಜದ ಮೇಲಿಟ್ಟು ಬೆರಳಾಡಿಸುವ ತೋಳು ಮನುಷ್ಯನಿಗಿಲ್ಲ. ಆದಕಾರಣ ವಯೋಲವನ್ನು ಮಾಡುವವರು ಕಿವಿಗೂ ತೋಳಿಗೂ ನಡುವೆ ಒಂದು ರಾಜಿ ಮಾಡಿಕೊಂಡರು. ಈ ರಾಜಿಯ ಫಲವಾಗಿಯೇ ಅದಕ್ಕೆ ಆ ಕೊಂಚ ಮುಚ್ಚಿದ, ಮೂಗಿನಿಂದ ಬಂದಂತಿರುವ, ಸಂಜೆಯ ಬೆಳಕಿನಂಥ ದನಿ ಬಂದಿತು. ಪಿಟೀಲಿನ ಹೊಳಪೂ ಅದಕ್ಕಿಲ್ಲ, ಚೆಲ್ಲೋ ವಾದ್ಯದ ಗಾಂಭೀರ್ಯವೂ ಇಲ್ಲ. ಎರಡರ ನಡುವೆ ನಿಂತದ್ದು ಅದು.

ಈ ನಡುವಿನ ವಾದ್ಯಕ್ಕೆ ನಿಜವಾದ ಮನೆಯೆಂದರೆ ಕ್ವಾರ್ಟೆಟ್, ಎಂದರೆ ನಾಲ್ವರ ಮೇಳ. ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ. ಮುಂದೆ ನಿಂತು ಕೈಯಾಡಿಸುವ ನಿರ್ವಾಹಕನಿಲ್ಲ. ಒಂದು ಕೋಣೆಯಲ್ಲಿ ಕುಳಿತು ನುಡಿಸಲು ಹುಟ್ಟಿದ್ದರಿಂದ ಇಂಥದಕ್ಕೆ ಚೇಂಬರ್ ಸಂಗೀತವೆಂದು ಹೆಸರು. ನಮ್ಮಲ್ಲಿಯಂತೆ ಪ್ರಧಾನ ಗಾಯಕ, ಪಕ್ಕವಾದ್ಯ ಎಂಬ ತಾರತಮ್ಯ ಅಲ್ಲಿ ತತ್ತ್ವದಲ್ಲಿ ಇಲ್ಲ. ನಾಲ್ವರೂ ಏಕಕಾಲದಲ್ಲಿ ಬೇರೆಬೇರೆ ಸ್ವರಗಳನ್ನು ನುಡಿಸುತ್ತಾರೆ. ಆ ಸ್ವರಗಳು ಒಂದರ ಮೇಲೊಂದು ಕುಳಿತು ಭಾವವನ್ನು ಕಟ್ಟುತ್ತವೆ. ಅಲ್ಲಿ ವಯೋಲದ ಪಾತ್ರವೇನೆಂದು ನಮ್ಮ ಓದುಗರಿಗೆ ನಮ್ಮ ಮಾತಿನಲ್ಲಿಯೇ ಹೇಳಬಹುದು. ಷಡ್ಜವನ್ನು ಚೆಲ್ಲೊ ಹಿಡಿದಿದೆ, ಪಂಚಮವನ್ನು ಪಿಟೀಲು ಹಿಡಿದಿದೆ ಎಂದಿಟ್ಟುಕೊಳ್ಳಿ. ಇನ್ನೂ ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ. ನಡುವೆ ವಯೋಲ ಅಂತರ ಗಾಂಧಾರವನ್ನು ನುಡಿಸಿದರೆ ಆ ಕಟ್ಟಡಕ್ಕೆಲ್ಲ ಬೆಳಕು ಬಂತು. ಬೆರಳನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ ಸಾಧಾರಣ ಗಾಂಧಾರವನ್ನು ನುಡಿಸಿದರೆ ಅದೇ ಕಟ್ಟಡಕ್ಕೆ ಮುಸುಕು ಬಿತ್ತು. ಕೇಳುವವನು ಮೇಲಿನ ಪಿಟೀಲನ್ನು ಹೊಗಳುತ್ತಾನೆ. ಹವೆಯನ್ನು ಬದಲಿಸಿದವನು ನಡುವೆ ಕುಳಿತವನು ಎಂಬುದು ಆತನಿಗೆ ತಿಳಿಯುವುದಿಲ್ಲ. ಕನ್ನಡ ಪಾಠ ಹೇಳುವ ನನಗೆ ಇದು ವಿಭಕ್ತಿ ಪ್ರತ್ಯಯದ ಕೆಲಸದಂತೆ ತೋರುತ್ತದೆ. ವಾಕ್ಯದಲ್ಲಿ ನಾವು ನಾಮಪದವನ್ನೂ ಕ್ರಿಯಾಪದವನ್ನೂ ಗಮನಿಸುತ್ತೇವೆ. ಯಾರು ಯಾರನ್ನು ಹೊಡೆದರೆಂಬುದನ್ನು ನಿರ್ಣಯಿಸುವುದು ಮಾತ್ರ ಆ ಸಣ್ಣ ‘ಅನ್ನು’.

ಇಷ್ಟು ಮುಖ್ಯವಾದ ಕೆಲಸಕ್ಕೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. 1752ರಲ್ಲಿ ಕೊಳಲುವಾದನವನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದ ಕ್ವಾಂಟ್ಸ್ ಎಂಬ ಜರ್ಮನ್ ವಿದ್ವಾಂಸ, ವಯೋಲವನ್ನು ಜನ ಅಲ್ಪವೆಂದು ಭಾವಿಸಿ ಹೊಸದಾಗಿ ಕಲಿಯುವವರ ಕೈಗೋ, ಹೆಚ್ಚು ಶಕ್ತಿಯಿಲ್ಲದವರ ಕೈಗೋ ಕೊಡುತ್ತಾರೆಂದು ಆಗಲೇ ಹೇಳಿದ್ದಾನೆ. ಅದು ತಪ್ಪು, ಒಳ್ಳೆಯ ವಾದಕನೇ ಬೇಕು ಎಂದು ವಾದಿಸಿದ್ದಾನೆ. ಆತನ ವಾದ ಜನರಿಗೆ ಹಿಡಿಸಲಿಲ್ಲ. ವಯೋಲದವರನ್ನು ಕುರಿತ ಗೇಲಿಯ ಕಥೆಗಳು ಪಾಶ್ಚಾತ್ಯ ವಾದ್ಯಗಾರರಲ್ಲಿ ಇಂದಿಗೂ ಚಲಾವಣೆಯಲ್ಲಿವೆ.

ಆದರೆ ಸಂಗೀತವನ್ನು ರಚಿಸಿದ ಮಹಾನುಭಾವರ ಅಭಿರುಚಿ ಬೇರೆಯಾಗಿತ್ತು. ಬಾಖ್ ಮೇಳದಲ್ಲಿ ಕುಳಿತಾಗ ವಯೋಲವನ್ನು ನುಡಿಸಲು ಇಷ್ಟಪಡುತ್ತಿದ್ದ. ಬೀಥೋವನ್ ಹದಿಹರೆಯದಲ್ಲಿ ಬಾನ್ ನಗರದ ಆಸ್ಥಾನದ ಮೇಳದಲ್ಲಿ ವಯೋಲ ಬಾರಿಸಿ ಸಂಬಳ ತಂದವನು. ಶೂಬರ್ಟ್ ತಮ್ಮ ಮನೆಯವರೇ ಕೂಡಿ ನುಡಿಸುತ್ತಿದ್ದ ನಾಲ್ವರ ಮೇಳದಲ್ಲಿ ವಯೋಲ ಹಿಡಿಯುತ್ತಿದ್ದ. ದ್ವೋರ್ಷಾಕ್ ಪ್ರಾಗ್ ನಗರದ ನಾಟಕಶಾಲೆಯಲ್ಲಿ ವರ್ಷಗಟ್ಟಲೆ ವಯೋಲ ನುಡಿಸಿ ಹೊಟ್ಟೆ ಹೊರೆದ. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ನಡೆದ ಸಂಜೆಗೋಷ್ಠಿಯನ್ನು ಮೈಕೆಲ್ ಕೆಲ್ಲಿ ಎಂಬ ಐರಿಷ್ ಗಾಯಕ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಅಲ್ಲಿ ಮೊದಲ ಪಿಟೀಲು ಹೈಡನ್ನದು, ಎರಡನೆಯದು ಡಿಟರ್ಸ್‌ಡಾರ್ಫ್‌ನದು, ಚೆಲ್ಲೊ ವಾನ್ಹಾಲ್‌ನದು. ವಯೋಲ ಹಿಡಿದು ಕುಳಿತವನು ಮೋಟ್ಸಾರ್ಟ್! ಯಾವ ವಾದ್ಯವನ್ನು ಬೇಕಾದರೂ ಕೇಳಿ ಪಡೆಯಬಹುದಾಗಿದ್ದವನು ನಡುವಿನ ಜಾಗವನ್ನು ಆರಿಸಿಕೊಂಡ. ಕಟ್ಟಡ ಹೇಗೆ ಏಳುತ್ತಿದೆಯೆಂಬುದು ಒಳಗೆ ನಿಂತವನಿಗೆ ಚೆನ್ನಾಗಿ ಕಾಣುತ್ತದೆ ಎಂಬುದೇ ಇದಕ್ಕೆ ಕಾರಣವೆಂದು ನನ್ನ ಊಹೆ.

ಇಪ್ಪತ್ತನೆಯ ಶತಮಾನದಲ್ಲಿ ವಯೋಲದ ಮಾನವನ್ನು ಕಾಯಲು ಇಬ್ಬರು ವೀರರು ಹೊರಟರು. ಒಬ್ಬ, 1876ರಲ್ಲಿ ಹುಟ್ಟಿ 1975ರವರೆಗೆ ಬಾಳಿದ ಲಯೊನೆಲ್ ಟರ್ಟಿಸ್. ಇನ್ನೊಬ್ಬ, ಗ್ಲಾಸ್ಗೋ ನಗರದಲ್ಲಿ 1904ರಲ್ಲಿ ಹುಟ್ಟಿದ ವಿಲಿಯಂ ಪ್ರಿಮ್‌ರೋಸ್. ವಯೋಲವೂ ವಾದ್ಯವೃಂದದ ಮುಂದೆ ಒಂಟಿಯಾಗಿ ನಿಂತು ಮೆರೆಯಬಲ್ಲುದೆಂದು ತೋರಿಸುವುದು ಇವರ ಹಟ. ಸಂಗೀತಗಾರರಿಂದ ಇದಕ್ಕಾಗಿ ಹೊಸ ಕೃತಿಗಳನ್ನು ಬರೆಸಿದರು. ಬಾರ್ಟೋಕ್ 1945ರಲ್ಲಿ ತೀರಿಕೊಂಡಾಗ ಮುಗಿಯದೆ ಉಳಿದಿದ್ದ ವಯೋಲ ಕೃತಿ ಪ್ರಿಮ್‌ರೋಸ್ ಕೇಳಿ ಬರೆಸುತ್ತಿದ್ದದ್ದು. ಇವರ ದಾರಿ ದೊಡ್ಡದೇ. ಆದರೆ ಆ ದಾರಿ ವಯೋಲವನ್ನು ನಡುವಿನಿಂದ ಎಬ್ಬಿಸಿ ಮುಂದಕ್ಕೆ ತಂದು ನಿಲ್ಲಿಸುವ ದಾರಿ. ಶಿಡ್ಲೋಫ್ ಹಿಡಿದದ್ದು ಇನ್ನೊಂದು ದಾರಿ. ಪಿಟೀಲುವಾದಕನಾಗಿ ಮುಂದೆ ನಿಲ್ಲಲು ತಯಾರಾಗಿದ್ದವನು ತಾನಾಗಿ ನಡುವಿಗೆ ಬಂದು ಕುಳಿತ. ಅವನನ್ನು ಅಲ್ಲಿಗೆ ತಂದದ್ದು ಸಂಗೀತವೊಂದೇ ಅಲ್ಲ, ಯುರೋಪಿನ ಇತಿಹಾಸವೂ ಹೌದು.

ಆತ ಹುಟ್ಟಿದ್ದು 1922ರಲ್ಲಿ, ಆಸ್ಟ್ರಿಯ ದೇಶದಲ್ಲಿ, ವಿಯೆನ್ನಾದ ಹತ್ತಿರದ ಗೊಲ್ಲರ್ಸ್‌ಡಾರ್ಫ್ ಎಂಬ ಊರಿನಲ್ಲಿ, ಒಂದು ಯೆಹೂದಿ ಮನೆತನದಲ್ಲಿ. ಆಗಿನ ಹೆಸರು ಹಾನ್ಸ್. ಪೀಟರ್ ಎಂಬುದು ಇಂಗ್ಲೆಂಡಿಗೆ ಬಂದಮೇಲೆ ಬಂದ ಹೆಸರು. ಹುಡುಗನಿಗೆ ಪಿಟೀಲು ಕಲಿಸಿದರು. 1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿತು. ಯೆಹೂದ್ಯರಿಗೆ ಶಾಲೆಯಿಲ್ಲ, ಕೆಲಸವಿಲ್ಲ, ಬೀದಿಯಲ್ಲಿ ನಿರ್ಭಯವಾಗಿ ನಡೆಯುವ ಹಾಗಿಲ್ಲ ಎಂದಾಯಿತು. ಆ ವರ್ಷವೇ ಹದಿನಾರರ ಹುಡುಗ ಇಂಗ್ಲೆಂಡಿಗೆ ಬಂದು ಸೇರಿದ. ಅದೇ ವರ್ಷ ವಿಯೆನ್ನಾದಿಂದ ನಾರ್ಬರ್ಟ್ ಬ್ರೈನಿನ್ ಎಂಬ ಇನ್ನೊಬ್ಬ ಪಿಟೀಲಿನ ಹುಡುಗನೂ ಬಂದ. ಅವನು 1923ರಲ್ಲಿ ಹುಟ್ಟಿದವನು. ಮ್ಯೂನಿಕ್ಕಿನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದ ಜಿಗ್ಮಂಡ್ ನಿಸೆಲ್ ಎಂಬ ಮೂರನೆಯವನೂ ಹೀಗೆಯೇ ಇಂಗ್ಲೆಂಡನ್ನು ಸೇರಿದ. ಅವನ ಕೈಯಲ್ಲಿಯೂ ಪಿಟೀಲೇ.

ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನು ಇಂಗ್ಲೆಂಡ್ ಮೊದಲು ಅಕ್ಕರೆಯಿಂದಲೇ ಕಂಡಿತು. ಆದರೆ 1940ರ ಬೇಸಗೆಯಲ್ಲಿ ಫ್ರಾನ್ಸ್ ಬಿದ್ದು, ಜರ್ಮನರು ಇಂದೋ ನಾಳೆಯೋ ಇಂಗ್ಲಿಷ್ ಕಡಲತೀರದಲ್ಲಿ ಇಳಿಯುತ್ತಾರೆಂಬ ಭೀತಿ ಹಬ್ಬಿದಾಗ ವಿವೇಕ ಕದಡಿತು. ಜರ್ಮನ್ ಮಾತಾಡುವ ಪರದೇಶಿಗಳೆಲ್ಲ ‘ಶತ್ರುದೇಶದವರು’ ಎಂಬ ಪಟ್ಟಿಯಲ್ಲಿ ಸೇರಿದರು. 27,000ದಷ್ಟು ಜನರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಬಹುಮಂದಿ ಹಿಟ್ಲರನ ಬದ್ಧವೈರಿಗಳು, ಅವನಿಂದಲೇ ಮನೆಮಠ ಕಳೆದುಕೊಂಡವರು. ಕೆಲವರನ್ನು ಹಡಗು ಹತ್ತಿಸಿ ಕೆನಡಕ್ಕೂ ಆಸ್ಟ್ರೇಲಿಯಕ್ಕೂ ಸಾಗಿಸಿದರು. ಅಂಥ ಒಂದು ಹಡಗು, ಅರಂಡೋರ ಸ್ಟಾರ್ ಎಂಬುದು, 1940ರ ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಸಿಕ್ಕಿ ಮುಳುಗಿ ಎಂಟುನೂರು ಜನಕ್ಕೂ ಮೇಲ್ಪಟ್ಟು ಸತ್ತರು. ಶರಣು ಬಂದವನನ್ನು ಶತ್ರುವೆಂದು ಕಟ್ಟಿಹಾಕುವುದು ಎಷ್ಟು ದೊಡ್ಡ ಅನ್ಯಾಯವೆಂದು ಇಂಗ್ಲಿಷರಿಗೂ ಆಮೇಲೆ ಮನವರಿಕೆಯಾಯಿತು.

ಶ್ರಾಪ್‌ಷೈರ್ ಸೀಮೆಯ ಪ್ರೀಸ್ ಹೀತ್ ಎಂಬ ಬಯಲಿನಲ್ಲಿ ಡೇರೆಗಳನ್ನು ಹೊಡೆದು ಮಾಡಿದ ಒಂದು ಶಿಬಿರವಿತ್ತು. ಶಿಡ್ಲೋಫ್‌ಗೂ ಬ್ರೈನಿನ್‌ಗೂ ಪರಿಚಯವಾದದ್ದು ಅಲ್ಲಿ. ನಿಸೆಲ್‌ನನ್ನು ಶಿಡ್ಲೋಫ್ ಕಂಡದ್ದು ಮ್ಯಾನ್ ದ್ವೀಪದ ಶಿಬಿರದಲ್ಲಿ. ಈ ದ್ವೀಪದ ಶಿಬಿರಗಳದು ಒಂದು ವಿಚಿತ್ರವಾದ ಚರಿತ್ರೆ. ಬೇಸಗೆಯ ಪ್ರವಾಸಿಗಳಿಗಾಗಿ ಕಟ್ಟಿದ್ದ ಕಡಲತೀರದ ವಸತಿಗೃಹಗಳಿಗೆ ಮುಳ್ಳುತಂತಿ ಸುತ್ತಿ ಅವನ್ನೇ ಸೆರೆಮನೆ ಮಾಡಿದ್ದರು. ಒಳಗಿದ್ದವರಲ್ಲಿ ಪ್ರೊಫೆಸರುಗಳು, ಚಿತ್ರಕಾರರು, ವೈದ್ಯರು, ಸಂಗೀತಗಾರರು ಹೇರಳ. ಹಗಲೆಲ್ಲ ಉಪನ್ಯಾಸ, ಸಂಜೆಗೆ ಕಛೇರಿ. ಸಂಗೀತ ರಚನಕಾರ ಹಾನ್ಸ್ ಗಾಲ್ ಲಿವರ್‌ಪೂಲಿನ ಬಳಿಯ ಹ್ಯೂಟನ್ ಶಿಬಿರದಲ್ಲಿದ್ದಾಗ ಒಂದು ಕೃತಿಯನ್ನು ಒಂದು ಕೊಳಲಿಗೂ ಎರಡು ಪಿಟೀಲಿಗೂ ಬರೆದ. ಆ ಜೋಡಣೆಗೆ ಕಾರಣ ಕಲೆಯ ಹವ್ಯಾಸವಲ್ಲ. ಶಿಬಿರದಲ್ಲಿ ಸಿಕ್ಕುತ್ತಿದ್ದ ವಾದ್ಯಗಳು ಅವೇ. ಅಲ್ಲಿ ವಯೋಲ ಇರಲಿಲ್ಲ, ಚೆಲ್ಲೊ ಇರಲಿಲ್ಲ. ಇದ್ದುದರಲ್ಲಿ ಮೇಳ ಕಟ್ಟುವುದೇ ಶಿಬಿರದ ಧರ್ಮವಾಗಿತ್ತು. ಶಿಡ್ಲೋಫ್ ಮುಂದೆ ಮಾಡಿದ್ದೂ ಇದನ್ನೇ ಎಂದು ನನಗನ್ನಿಸುತ್ತದೆ.

ಶಿಬಿರದಲ್ಲಿದ್ದ ಫರ್ಡಿನಂಡ್ ರೌಟರ್ ಎಂಬ ಪಿಯಾನೋ ವಿದ್ವಾಂಸನ ಕಣ್ಣಿಗೆ ಈ ಹುಡುಗ ಬಿದ್ದ. ಬಿಡುಗಡೆಯಾದ ಮೇಲೆ ಶಿಡ್ಲೋಫ್ ಲಂಡನ್ನಿನಲ್ಲಿ ಮ್ಯಾಕ್ಸ್ ರೋಸ್ಟಾಲ್‌ನ ಶಿಷ್ಯನಾಗಲು ಆತನೇ ದಾರಿ ಮಾಡಿದ. ರೋಸ್ಟಾಲ್ ಸ್ವತಃ 1934ರಲ್ಲಿ ಬರ್ಲಿನ್ ಬಿಟ್ಟು ಬಂದವನು. ಪರದೇಶಿಯ ಕಷ್ಟವನ್ನು ಬಲ್ಲವನು. ಈ ಬಡ ಹುಡುಗರಿಂದ ಆತ ಒಂದು ಕಾಸನ್ನೂ ತೆಗೆದುಕೊಳ್ಳದೆ ಪಾಠ ಹೇಳಿದ. ನಮ್ಮ ಗುರುಕುಲಗಳ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಆದರೆ ಬಾಂಬು ಬೀಳುತ್ತಿದ್ದ ಊರಿನಲ್ಲಿ, ತಾನೂ ನೆಲೆ ಹುಡುಕುತ್ತಿದ್ದ ಗುರು ಹೀಗೆ ಮಾಡಿದ್ದು ಹೇಳಬೇಕಾದ ಸಂಗತಿ. ಮೂವರು ವಿಯೆನ್ನಾ ಹುಡುಗರೂ ಅವನ ಬಳಿ ಸೇರಿದರು. ಅವನ ಶಿಷ್ಯವರ್ಗದ ಬಳಕೆಯಿಂದಲೇ 1927ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಾರ್ಟಿನ್ ಲವೆಟ್ ಎಂಬ ಚೆಲ್ಲೊ ವಾದಕನೂ ಇವರ ಜೊತೆಗೂಡಿದ.

ನಾಲ್ವರಾದರು. ಆದರೆ ಲೆಕ್ಕ ಸರಿಹೋಗಲಿಲ್ಲ. ಚೆಲ್ಲೊ ಒಂದು, ಪಿಟೀಲು ಮೂರು! ಕ್ವಾರ್ಟೆಟ್ಟಿಗೆ ಬೇಕಾದದ್ದು ಪಿಟೀಲು ಎರಡೇ. ಯಾರಾದರೊಬ್ಬರು ಪಿಟೀಲನ್ನು ಕೆಳಗಿಟ್ಟು ವಯೋಲವನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡವನು ಶಿಡ್ಲೋಫ್. ಒಂದು ವಾಕ್ಯದಲ್ಲಿ ಇದನ್ನು ಹೇಳಿಬಿಡುವುದು ಸುಲಭ. ಬಾಲ್ಯದಿಂದ ಕಲಿತದ್ದು, ಸೆರೆಯಲ್ಲಿಯೂ ಬಿಡದೆ ಹಿಡಿದದ್ದು, ರೋಸ್ಟಾಲ್‌ನಂಥ ಗುರುವಿನಿಂದ ತಿದ್ದಿಸಿಕೊಂಡದ್ದು ಪಿಟೀಲಿನ ವಿದ್ಯೆ. ವಯೋಲದಲ್ಲಿ ಬೆರಳುಗಳ ಅಂತರ ಬೇರೆ. ಕಮಾನಿನ ಭಾರ ಬೇರೆ. ಸ್ವರಲಿಪಿಯನ್ನು ಓದುವ ಕ್ರಮವೂ ಬೇರೆ. ಅದಕ್ಕಿಂತ ಹೆಚ್ಚಾಗಿ, ಮನಸ್ಸಿನ ನೆಲೆಯೇ ಬೇರೆ. ಪಿಟೀಲು ಕಲಿಯುವವನು ರಾಗವನ್ನು ಮೇಲೆ ಹೊತ್ತು ನಡೆಯುವುದನ್ನು ಕಲಿಯುತ್ತಾನೆ. ವಯೋಲದವನು ಇತರರ ರಾಗಕ್ಕೆ ಮೈಕೊಡುವುದನ್ನು ಕಲಿಯಬೇಕು. ಅಂತೂ ಆ ಹುಡುಗ ಬದಲಿಸಿದ. ಬದಲಿಸಿದ ಮೇಲೆ ಬಾಳಿನ ಕೊನೆಯವರೆಗೆ ವಯೋಲದವನಾಗಿಯೇ ಉಳಿದ.

ಈ ಮೇಳ 1947ರ ಬೇಸಗೆಯಲ್ಲಿ ಮೊದಲು ನುಡಿಸಿದ್ದು ಇಂಗ್ಲೆಂಡಿನ ಡಾರ್ಟಿಂಗ್‌ಟನ್ ಎಂಬಲ್ಲಿ. ಆಗ ಅದರ ಹೆಸರು ಬ್ರೈನಿನ್ ಕ್ವಾರ್ಟೆಟ್. ಡಾರ್ಟಿಂಗ್‌ಟನ್ನಿನ ಹೆಸರು ಭಾರತೀಯರಿಗೆ ಹೊಸದಲ್ಲ. ಅದನ್ನು ಕಟ್ಟಿದ ಲೆನರ್ಡ್ ಎಲ್ಮ್‌ಹರ್ಸ್ಟ್ ರವೀಂದ್ರನಾಥ ಠಾಕೂರರ ಜೊತೆಯಲ್ಲಿದ್ದು 1922ರಲ್ಲಿ ಶ್ರೀನಿಕೇತನದ ಗ್ರಾಮಸುಧಾರಣೆಯ ಕೆಲಸಕ್ಕೆ ಅಡಿಪಾಯ ಹಾಕಿದವನು. ಊರಿಗೆ ಹಿಂದಿರುಗಿ ಅದೇ ಬಗೆಯ ಕನಸನ್ನು ಅಲ್ಲಿ ನೆಟ್ಟ. ಅಲ್ಲಿ ಸಂಗೀತದ ಪಾಠ ಹೇಳುತ್ತಿದ್ದವಳು ಇಮೊಜೆನ್ ಹೋಲ್ಸ್ಟ್. ಈಕೆಯ ತಂದೆ ಗುಸ್ತಾವ್ ಹೋಲ್ಸ್ಟ್, ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ಸ್ವರ ಕೂಡಿಸಿದ ಪ್ರಸಿದ್ಧ ಸಂಗೀತಕಾರ. ಮುಂದೆ ಈಕೆಯೂ ಶಾಂತಿನಿಕೇತನಕ್ಕೆ ಬಂದು ಹೋದಳು. ನಾಲ್ವರ ವಾದನವನ್ನು ಕೇಳಿ ಮನಸೋತ ಇಮೊಜೆನ್, ಲಂಡನ್ನಿನಲ್ಲಿ ಇವರ ಮೊದಲ ಕಛೇರಿಗಾಗಿ ನೂರು ಪೌಂಡು ಕೊಟ್ಟಳು. ಮೋಟ್ಸಾರ್ಟನ ನಡುಹೆಸರಾದ ‘ಅಮಡೇಯಸ್’ ಎಂಬುದನ್ನು ಮೇಳಕ್ಕೆ ಸೂಚಿಸಿದವನು ನಿಸೆಲ್.

ಆ ಕಛೇರಿ 1948ರ ಜನವರಿ 10ರಂದು ವಿಗ್‌ಮೋರ್ ಹಾಲಿನಲ್ಲಿ ನಡೆಯಿತು. ಈ ಸಭಾಂಗಣಕ್ಕೂ ಒಂದು ಕಥೆಯಿದೆ. 1901ರಲ್ಲಿ ಅದನ್ನು ಕಟ್ಟಿಸಿದವರು ಬೆಖ್‌ಸ್ಟೈನ್ ಎಂಬ ಜರ್ಮನ್ ಪಿಯಾನೋ ವ್ಯಾಪಾರಿಗಳು. ಮೊದಲ ಮಹಾಯುದ್ಧದಲ್ಲಿ ಅದನ್ನು ಶತ್ರುದೇಶದ ಆಸ್ತಿಯೆಂದು ವಶಪಡಿಸಿಕೊಂಡು ಮಾರಿದರು; 1917ರಲ್ಲಿ ಹೊಸ ಹೆಸರಿನಿಂದ ಅದು ಮತ್ತೆ ತೆರೆಯಿತು. ಒಂದು ಯುದ್ಧದಲ್ಲಿ ಶತ್ರುವಿನ ಸೊತ್ತೆಂದು ಕಿತ್ತುಕೊಂಡ ಮನೆಯಲ್ಲಿ, ಇನ್ನೊಂದು ಯುದ್ಧದಲ್ಲಿ ಶತ್ರುವೆಂದು ಕೂಡಿಹಾಕಿದ್ದ ಮೂವರು, ಒಬ್ಬ ಇಂಗ್ಲಿಷನೊಡನೆ ಕುಳಿತು ನುಡಿಸಿದರು. ಯುದ್ಧಗಳು ಅಂಟಿಸುವ ಚೀಟಿಗಳ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಅಲ್ಲಿಂದ ಮುಂದಿನದು ಸತತ ದುಡಿಮೆಯ ಕಥೆ. ಹೈಡನ್, ಮೋಟ್ಸಾರ್ಟ್, ಬೀಥೋವನ್, ಶೂಬರ್ಟ್, ಬ್ರಾಮ್ಸ್ ಎಂಬ ಐವರ ಕೃತಿಗಳು ಈ ಮೇಳದ ಬೆನ್ನೆಲುಬು. 1959ರಿಂದ 1963ರವರೆಗೆ ಬೀಥೋವನ್ನನ ಕ್ವಾರ್ಟೆಟ್ಟುಗಳನ್ನೆಲ್ಲ ಧ್ವನಿಮುದ್ರಿಸಿದರು. ಎಲ್ಲ ಸೇರಿ ಸುಮಾರು 200 ಧ್ವನಿಮುದ್ರಿಕೆಗಳು ಇವರ ಹೆಸರಿನಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ಹೊರತಂದದ್ದು ಡಾಯ್ಚ ಗ್ರಾಮಫೋನ್ ಎಂಬ ಜರ್ಮನ್ ಸಂಸ್ಥೆ ಎಂಬುದನ್ನು ಗಮನಿಸಬೇಕು. ತಮ್ಮನ್ನು ಹೊರದೂಡಿದ ನಾಡಿನ ಜನರ ಮುಂದೆ ಇವರು ಮತ್ತೆ ಮತ್ತೆ ಹೋಗಿ ನುಡಿಸಿದರು. 1978ರಿಂದ ಕೊಲೋನ್ ನಗರದ ಸಂಗೀತ ವಿದ್ಯಾಲಯದಲ್ಲಿ ಜರ್ಮನ್ ತರುಣರಿಗೆ ಪಾಠ ಹೇಳಿದರು. ಬೀಥೋವನ್ ಶೂಬರ್ಟರು ಹಿಟ್ಲರನ ಸೊತ್ತಲ್ಲ; ಊರು ಬಿಟ್ಟು ಬಂದ ಮೂವರೂ ಆ ಸಂಗೀತವನ್ನು ಜೊತೆಯಲ್ಲಿಯೇ ತಂದಿದ್ದರು, ಅದನ್ನು ಕಸಿದುಕೊಳ್ಳಲು ಯಾವ ಸುಂಕದ ಕಟ್ಟೆಯವರಿಂದಲೂ ಆಗಿರಲಿಲ್ಲ.

ಈ ಮೇಳದಲ್ಲಿ ಬ್ರೈನಿನ್‌ನ ಪಿಟೀಲು ಧಾರಾಳದ್ದು, ಹಾಡುವ ಸ್ವಭಾವದ್ದು. ಅದೇ ಎದ್ದು ಕೇಳುತ್ತದೆ. ಅದಕ್ಕೆ ಸಮನಾಗಿ ಕೆಳಗಿನಿಂದ ಉತ್ತರ ಕೊಡುವ ವಯೋಲ ಬೇಕಾಗಿತ್ತು. ಶಿಡ್ಲೋಫ್‌ನ ದನಿ ತುಂಬಿದ ದನಿ. ಪಿಟೀಲಿನ ವಿದ್ಯೆ ಅದರಲ್ಲಿ ವ್ಯರ್ಥವಾಗಲಿಲ್ಲ. ಮುಚ್ಚಿದ ವಾದ್ಯದಿಂದ ಬೆಳಕನ್ನು ಹೊರಡಿಸುವ ಶಕ್ತಿಯಾಗಿ ಅದು ಉಳಿಯಿತು. ಮೋಟ್ಸಾರ್ಟ್ 1779ರಲ್ಲಿ ಪಿಟೀಲು ವಯೋಲಗಳೆರಡನ್ನೂ ಸರಿಸಮನಾಗಿ ವಾದ್ಯವೃಂದದ ಮುಂದೆ ನಿಲ್ಲಿಸಿ ಬರೆದ ಒಂದು ಕೃತಿಯುಂಟು. ಅದನ್ನು ಬ್ರೈನಿನ್ ಮತ್ತು ಶಿಡ್ಲೋಫ್ ಇಬ್ಬರೂ ನುಡಿಸಿ ಧ್ವನಿಮುದ್ರಿಸಿದ್ದಾರೆ. ಪಿಟೀಲು ಒಂದು ಮಾತನ್ನು ಹೇಳುತ್ತದೆ. ವಯೋಲ ಅದೇ ಮಾತನ್ನು ಕೆಳದನಿಯಲ್ಲಿ ಹೇಳುತ್ತದೆ, ಆದರೆ ಅರ್ಥ ಬೇರೆಯಾಗುತ್ತದೆ. ಡೇರೆಗಳ ಶಿಬಿರದಲ್ಲಿ ಪರಿಚಿತರಾದ ಇಬ್ಬರು ಇದನ್ನು ನುಡಿಸುತ್ತಿದ್ದಾರೆಂದು ನೆನೆದರೆ ಆ ಸಂವಾದದ ಧ್ವನಿ ಇನ್ನೂ ಆಳವಾಗುತ್ತದೆ.

1964ರಲ್ಲಿ ಶಿಡ್ಲೋಫ್ ಕೈಗೆ ಒಂದು ಅಪೂರ್ವ ವಾದ್ಯ ಬಂದಿತು. ಕ್ರೆಮೋನ ನಗರದ ಸ್ಟ್ರಾಡಿವಾರಿ 1719ರಲ್ಲಿ ಮಾಡಿದ, ‘ಮ್ಯಾಕ್‌ಡೊನಾಲ್ಡ್’ ಎಂಬ ಹೆಸರಿನ ವಯೋಲ ಅದು. ಹಿಂದೆ ಅದನ್ನು ಪಡೆದಿದ್ದ ಬ್ರಿಟಿಷ್ ಶ್ರೀಮಂತನ ಹೆಸರು ಅದಕ್ಕೆ ನಿಂತಿದೆ. ಸ್ಟ್ರಾಡಿವಾರಿಯ ಪಿಟೀಲುಗಳು ನೂರುಗಟ್ಟಲೆ ಉಳಿದಿವೆ. ವಯೋಲಗಳು ಸುಮಾರು ಹತ್ತೇ. ನಡುದನಿಗೆ ಗಿರಾಕಿಗಳು ಎಷ್ಟು ಕಡಿಮೆಯಿದ್ದರೆಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ. ಶಿಡ್ಲೋಫ್ ಕೊನೆಯವರೆಗೂ ನುಡಿಸಿದ್ದು ಅದನ್ನೇ.

ಇವರ ಬಾಳಿನ ಇನ್ನೊಂದು ಮುಖ್ಯ ಘಟನೆ ಬೆಂಜಮಿನ್ ಬ್ರಿಟನ್ನನ ಮೂರನೆಯ ಕ್ವಾರ್ಟೆಟ್. ಬ್ರಿಟನ್ ತಾನೂ ವಯೋಲ ಕಲಿತವನು. ಹೃದ್ರೋಗದಿಂದ ನರಳುತ್ತಿದ್ದ ಕಾಲದಲ್ಲಿ, 1975ರಲ್ಲಿ, ಆತ ಇದನ್ನು ಬರೆದ. ಮೊದಲ ಭಾಗಕ್ಕೆ ‘ಯುಗಳಗಳು’ ಎಂಬ ಅರ್ಥ ಬರುವ ಹೆಸರು: ನಾಲ್ವರಲ್ಲಿ ಇಬ್ಬಿಬ್ಬರು ಬೇರೆಬೇರೆಯಾಗಿ ಜೋಡಿಯಾಗಿ ಮಾತಾಡುತ್ತಾರೆ. 1976ರ ಸೆಪ್ಟೆಂಬರಿನಲ್ಲಿ ಅಮಡೇಯಸ್ ಮೇಳದವರು ಅವನ ಮನೆಗೆ ಹೋಗಿ ಅವನ ಮುಂದೆ ಅದನ್ನು ನುಡಿಸಿದರು. ಡಿಸೆಂಬರ್ 4ರಂದು ಬ್ರಿಟನ್ ತೀರಿಕೊಂಡ. ಹದಿನೈದು ದಿನದ ಮೇಲೆ, 19ರಂದು, ಸ್ನೇಪ್ ಎಂಬಲ್ಲಿನ ಸಭಾಂಗಣದಲ್ಲಿ ಇವರೇ ಅದರ ಮೊದಲ ಕಛೇರಿಯನ್ನು ನಡೆಸಿದರು. ರಚಿಸಿದವನು ಕಿವಿಯಾರೆ ಒಮ್ಮೆ ಕೇಳಿ ಹೋಗುವಂತಾಯಿತು ಎಂಬುದೊಂದೇ ಸಮಾಧಾನ.

1987ರ ಆಗಸ್ಟಿನಲ್ಲಿ ಶಿಡ್ಲೋಫ್ ಹಠಾತ್ತನೆ ತೀರಿಕೊಂಡ. ವಯಸ್ಸು ಅರವತ್ತೈದು. ಮೇಳಕ್ಕೆ ಆಗ ನಲವತ್ತು ತುಂಬುತ್ತಾ ಬಂದಿತ್ತು.

ಉಳಿದ ಮೂವರ ಮುಂದೆ ಎರಡು ದಾರಿಗಳಿದ್ದವು. ಒಂದು, ಇನ್ನೊಬ್ಬ ವಯೋಲದವನನ್ನು ತರುವುದು. ಲೋಕದಲ್ಲಿ ಹೆಚ್ಚು ಮೇಳಗಳು ಹಿಡಿದಿರುವ ದಾರಿ ಅದೇ. 1917ರಲ್ಲಿ ಹಂಗೇರಿಯವರು ಕಟ್ಟಿದ ಬುಡಾಪೆಸ್ಟ್ ಕ್ವಾರ್ಟೆಟ್ಟಿನಲ್ಲಿ ಒಬ್ಬೊಬ್ಬರಾಗಿ ಜನ ಬದಲಾಗುತ್ತ ಬಂದು, ಕೊನೆಗೆ ಹಂಗೇರಿಯವನೊಬ್ಬನೂ ಇಲ್ಲದೆ ನಾಲ್ವರೂ ರಷ್ಯದವರಾಗಿದ್ದರು. ಆದರೂ ಹೆಸರು ಉಳಿಯಿತು, ಕೀರ್ತಿಯೂ ಉಳಿಯಿತು. ಅಮೆರಿಕದ ಜೂಲಿಯರ್ಡ್ ಕ್ವಾರ್ಟೆಟ್ಟೂ ಹೊಸಬರನ್ನು ಸೇರಿಸಿಕೊಂಡೇ ದೀರ್ಘಕಾಲ ನಡೆಯಿತು. ಇದರಲ್ಲಿ ತಪ್ಪೇನೂ ಇಲ್ಲ. ಸಂಸ್ಥೆ ವ್ಯಕ್ತಿಗಿಂತ ದೊಡ್ಡದೆಂಬ ನ್ಯಾಯವೂ ಒಂದು ನ್ಯಾಯವೇ. ಅಮಡೇಯಸ್ ಮೇಳದ ಬೇಡಿಕೆಯೇನೂ ತಗ್ಗಿರಲಿಲ್ಲ. ಅದರಲ್ಲಿ ಕೂರಲು ಒಪ್ಪುವ ವಯೋಲದವರಿಗೂ ಬರವಿರಲಿಲ್ಲ. ಆದರೆ ಮೂವರೂ ಎರಡನೆಯ ದಾರಿಯನ್ನು ಹಿಡಿದರು. ಮೇಳವನ್ನು ಅಲ್ಲಿಗೇ ನಿಲ್ಲಿಸಿದರು.

ಈ ನಿರ್ಣಯವನ್ನು ಭಾವುಕತೆಯೆಂದು ಅಲ್ಲಗಳೆಯುವವರೂ ಇರಬಹುದು. ನನಗೆ ಹಾಗೆ ತೋರುವುದಿಲ್ಲ. ಒಂದು ಮೇಳದಲ್ಲಿ ನಾಲ್ವತ್ತು ವರ್ಷ ಒಟ್ಟಿಗೆ ನುಡಿಸಿದವರಲ್ಲಿ ಶ್ರುತಿಯೆಂಬುದು ತಂತಿಗಳಲ್ಲಿರುವುದಿಲ್ಲ, ಪರಸ್ಪರ ಕಿವಿಗಳಲ್ಲಿರುತ್ತದೆ. ಮೇಲಿನ ಪಿಟೀಲಿನವನು ಸ್ವರವನ್ನು ಎಷ್ಟು ಎಳೆಯಬಹುದೆಂಬುದನ್ನು ನಡುವಿನವನ ಗಾಂಧಾರ ಗೊತ್ತುಮಾಡುತ್ತದೆ. ಕೆಳಗಿನ ಚೆಲ್ಲೊ ಎಷ್ಟು ಮೆಲ್ಲಗಾಗಬಹುದೆಂಬುದನ್ನೂ ಅವನೇ ಗೊತ್ತುಮಾಡುತ್ತಾನೆ. ಬಂದು ಕೂರುವ ಹೊಸಬ ಅವನಿಗಿಂತ ಚೆನ್ನಾಗಿಯೇ ನುಡಿಸಬಹುದು. ಆಗ ಬದಲಾಗಬೇಕಾದವರು ಉಳಿದ ಮೂವರು. ಅರವತ್ತರ ಆಸುಪಾಸಿನಲ್ಲಿ ಅವರು ಮತ್ತೆ ಕಿವಿಯನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಆಗ ಹುಟ್ಟುವುದು ಒಳ್ಳೆಯ ಮೇಳವೇ ಆದರೂ ಅದು ಅಮಡೇಯಸ್ ಆಗುವುದಿಲ್ಲ. ಮೊದಲ ಪಿಟೀಲಿನವನು ಹೋಗಿದ್ದರೆ ಮೇಳ ನಿಂತಿತೆಂದು ಕೇಳಿ ಜಗತ್ತಿಗೆ ಅಚ್ಚರಿಯಾಗುತ್ತಿರಲಿಲ್ಲ. ವಯೋಲದವನು ಹೋದನೆಂದು ನಿಲ್ಲಿಸಿದರಲ್ಲ, ಆ ವಾದ್ಯಕ್ಕೆ ಅದಕ್ಕಿಂತ ದೊಡ್ಡ ಸನ್ಮಾನ ಯಾವ ಸಭೆಯಲ್ಲಿಯೂ ಸಿಕ್ಕಿಲ್ಲ. ಅದು ಬಿರುದಲ್ಲ, ಬಹುಮಾನವಲ್ಲ. ಮೂವರ ಜೀವನೋಪಾಯವನ್ನೂ ಕೀರ್ತಿಯನ್ನೂ ತೆತ್ತು ಸಲ್ಲಿಸಿದ ಸನ್ಮಾನ.

ಆ ಮೂವರು ಆಮೇಲೆ ಕಿರಿಯರ ಮೇಳಗಳಿಗೆ ಪಾಠ ಹೇಳುತ್ತ ಬಾಳಿದರು. ಬ್ರೈನಿನ್ 2005ರಲ್ಲಿ, ನಿಸೆಲ್ 2008ರಲ್ಲಿ, ಲವೆಟ್ 2020ರಲ್ಲಿ ತೀರಿಕೊಂಡರು. ಮ್ಯಾಕ್‌ಡೊನಾಲ್ಡ್ ವಯೋಲವನ್ನು 2014ರಲ್ಲಿ 4.5 ಕೋಟಿ ಡಾಲರಿಗೆ ಕಡಿಮೆಯಿಲ್ಲದಂತೆ ಮಾರಬೇಕೆಂದು ಹರಾಜಿಗೆ ತಂದರು. ಪತ್ರಿಕೆಗಳೆಲ್ಲ ಅದರ ಬೆಲೆಯನ್ನು ಕುರಿತು ಬರೆದವು. ಕೊಳ್ಳುವವರು ಬರಲಿಲ್ಲ.

ಬೆಲೆಯ ಮಾತು ಹಾಗಿರಲಿ. ಶಿಡ್ಲೋಫ್‌ನ ದನಿ ನಮಗೆ ಈಗ ಉಚಿತವಾಗಿಯೇ ಸಿಕ್ಕುತ್ತದೆ. ಆ ಹಳೆಯ ಧ್ವನಿಮುದ್ರಿಕೆಗಳು ಎಲ್ಲರ ಕೈಗೆಟಕುವಷ್ಟು ಹರಡಿವೆ. ಐರೋಪ್ಯ ಸಂಗೀತದ ಪರಿಚಯವಿಲ್ಲದವರೂ ಒಂದು ಸಂಜೆ ಬಿಡುವು ಮಾಡಿಕೊಂಡು ಬೀಥೋವನ್ನನ 59ನೆಯ ಸಂಖ್ಯೆಯ ಮೂರನೆಯ ಕ್ವಾರ್ಟೆಟ್ಟನ್ನು ಇವರ ವಾದನದಲ್ಲಿ ಕೇಳಬಹುದು. ಅದರ ಕೊನೆಯ ಭಾಗವನ್ನು ತೊಡಗುವವನು ವಯೋಲದವನು. ಮೂವರೂ ಸುಮ್ಮನಿರುತ್ತಾರೆ. ಆ ಒಂಟಿ ದನಿ ಓಡುನಡೆಯಲ್ಲಿ ಹೊರಡುತ್ತದೆ. ಒಬ್ಬೊಬ್ಬರಾಗಿ ಉಳಿದವರು ಅದೇ ಮಾತನ್ನು ಹಿಡಿದು ಬಂದು ಕೂಡುತ್ತಾರೆ. ಎಲ್ಲರೂ ಕೂಡಿದ ಮೇಲೆ ವಯೋಲ ಎಲ್ಲಿದೆಯೆಂದು ಕಿವಿಗೊಟ್ಟು ಹುಡುಕಬೇಕು. ಹುಡುಕಿ ಹಿಡಿದವರಿಗೆ ಆ ಸಂಗೀತ ಆಮೇಲೆ ಬೇರೆಯಾಗಿಯೇ ಕೇಳಿಸುತ್ತದೆ.